ಶಹಾಪುರದ ಹಾಲಿವುಡ್

ನಮ್ಮ ಕಾಲೇಜಿನಲ್ಲಿ ಬಹಳ ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾಗಿದ್ದ ಹಿರಿಯರೊಬ್ಬರು ಹೋದ ತಿಂಗಳು ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಕಾಲೇಜಿನ ವಾರ್ಷಿಕ ಸಂಚಿಕೆಯವರು ಕೇಳಿದಾಗ ನಾನು ಕೂಡಲೇ ಒಪ್ಪಿಕೊಂಡೆ. ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಒಪ್ಪಿಕೊಳ್ಳುವುದು ನನ್ನ ಹಳೆಯ ಚಾಳಿ. ಮನೆಗೆ ಬಂದು ಕಾಗದದ ಮುಂದೆ ಕೂತಾಗ ಗೊತ್ತಾಯಿತು, ನನ್ನ ಬಳಿ ಇರುವುದೆಲ್ಲ ಅವರೆದುರು ನಾನು ಪೆಚ್ಚಾದ ಪ್ರಸಂಗಗಳೇ. ಅವನ್ನು ಬಿಟ್ಟು ಅವರನ್ನು ಚಿತ್ರಿಸಲು ನನಗೆ ಬರುವುದಿಲ್ಲ. ಅವರ ಪತ್ನಿಯವರನ್ನು ಕೇಳಿದರೆ, ಏನು ಬೇಕಾದರೂ ಬರೆಯಿರಿ, ಹೆಸರೊಂದು ಹಾಕಬೇಡಿ ಎಂದರು. ಹಾಗಾಗಿ ಇಲ್ಲಿ ಅವರು ಬರಿಯ ಸರ್. ಅವರ ಪತ್ನಿ, ಬೆಳಗಾವಿಯ ರೂಢಿಯಂತೆ, ನನಗೆ ವೈನಿ, ಅಂದರೆ ಅತ್ತಿಗೆ.

ನಾನು ತುಮಕೂರು ಕಡೆಯವನು. ಎಪ್ಪತ್ತರ ದಶಕದ ಮೊದಲಲ್ಲಿ ಇಂಗ್ಲಿಷ್ ಉಪನ್ಯಾಸಕನಾಗಿ ಬೆಳಗಾವಿಗೆ ಬಂದಿಳಿದಾಗ ನನ್ನ ಇಂಗ್ಲಿಷಿನ ಬಗ್ಗೆ ನನಗಿದ್ದ ಗೌರವ ಬೇರೆ ಯಾರಿಗೂ ಇರಲಿಲ್ಲ. ಅನಗೋಳದಲ್ಲಿ ಒಂದು ಕೋಣೆ ಹಿಡಿದು, ಬೆಳಗ್ಗೆ ಕಿಟಕಿ ತೆರೆದು ಇಂಗ್ಲಿಷ್ ನಾಟಕಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಓಣಿಯ ಜನ ಮೊದಲ ಕೆಲವು ದಿನ ನನಗೆ ಏನೋ ಕಾಯಿಲೆಯೆಂದು ತಿಳಿದು, ಮನೆ ಮಾಲೀಕರ ಹತ್ತಿರ ವಿಚಾರಿಸಿದ್ದರಂತೆ.

ಸರ್ ಆಗಲೇ ಐವತ್ತರ ಹತ್ತಿರ ಇದ್ದರು. ಬಿಳಿ ಧೋತರ, ಗುಂಡಿ ಹಾಕಿದ ಕರಿ ಕೋಟು, ಹಣೆಯ ಮೇಲೆ ವಿಭೂತಿ. ಸ್ಟಾಫ್ ರೂಮಿನಲ್ಲಿ ಮಾತು ಕಡಿಮೆ. ಒಂದು ದಿನ ನನ್ನ ಪಕ್ಕಕ್ಕೆ ಬಂದು, ಸಂಜೆ ಬಿಡುವಿದ್ದರೆ ಬೆಳಗಾವಿಯ ನೇಕಾರರ ಪೇಟೆ ಶಹಾಪುರದಲ್ಲಿನ ತಮ್ಮ ಮನೆಗೆ ಬರಬೇಕೆಂದೂ, ಇಂಗ್ಲಿಷಿನ ಒಂದು ವಿಷಯ ತಿಳಿಯದೆ ಒದ್ದಾಡುತ್ತಿದ್ದೇನೆಂದೂ ಮೆಲ್ಲಗೆ ಹೇಳಿದರು. ನನಗೆ ಎದೆ ಉಬ್ಬಿತು. ಕೋಣೆಗೆ ಹೋಗಿ ಅಂಗಿ ಬದಲಿಸಿ, ಸೈಕಲ್ ಹತ್ತಿ ಹೊರಟೆ.

ಅವರ ಮನೆಯ ಎರಡೂ ಬಾಜು ವಿದ್ಯುತ್ ಮಗ್ಗಗಳು. ಓಣಿಯಲ್ಲಿ ಕಾಲಿಟ್ಟರೆ ಖಟ್ ಖಟ್ ಸದ್ದು ಅಂಗಾಲಿನಿಂದಲೇ ಏರುತ್ತಿತ್ತು. ಒಳಗೆ ಜಮಖಾನೆ ಹಾಸಿದ ಕೋಣೆ, ಗೋಡೆಗೆ ಒರಗಿಸಿದ ದೊಡ್ಡ ರೇಡಿಯೋ, ಅದರ ಮುಂದೆ ಸುರುಳಿ ಟೇಪು ಓಡುವ ರೆಕಾರ್ಡರು. ಸರ್ ಗುಂಡಿ ಒತ್ತಿದರು. ಬಿರುಗಾಳಿಯಂಥ ಸದ್ದಿನ ನಡುವೆ ಒಬ್ಬ ಹೆಂಗಸು ಒಡಕು ದನಿಯಲ್ಲಿ ಏನೋ ಅಂದಳು. ಹಿಂದೆ ಮಗ್ಗ ಬಡಿಯುತ್ತಿತ್ತು. ಅವಳು ಅಮೆರಿಕದ ಹಳೆಯ ಚಿತ್ರತಾರೆ, ಇದು ಯುದ್ಧದ ಕಾಲದ ರೇಡಿಯೋ ನಾಟಕ ಎಂದು ಹೇಳಿ ಸರ್ ಯಂತ್ರ ನಿಲ್ಲಿಸಿದರು.

"ಈಕಿ ಈಗ ಏನಂದ್ಲು, ಹೇಳ್ರಿ."

ನನಗೆ ಒಂದು ಶಬ್ದವೂ ತಿಳಿದಿರಲಿಲ್ಲ. ನಾನು ಓದಿದ ಇಂಗ್ಲಿಷು ಪುಸ್ತಕದಿಂದ ಎದ್ದು ಬಂದು ಹೀಗೆ ಮೂಗಿನಲ್ಲಿ ಮಾತಾಡಬಹುದೆಂದು ಯಾರೂ ನನಗೆ ಹೇಳಿರಲಿಲ್ಲ. ಇನ್ನೊಮ್ಮೆ ಹಾಕಿಸಿದೆ. ಮತ್ತೊಮ್ಮೆ ಹಾಕಿಸಿದೆ. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡು, ಅವಳು ತನ್ನ ತಂದೆಯನ್ನು ಕ್ಷಮಿಸಿದ್ದೇನೆ ಅನ್ನುತ್ತಿದ್ದಾಳೆ ಎಂದೆ. ಸರ್ ಕಣ್ಣು ಮುಚ್ಚಿ ತಲೆಯಾಡಿಸಿದರು. ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಅವಲಕ್ಕಿಯ ತಾಟು ಹಿಡಿದು ಬಂದ ವೈನಿ ಬಾಗಿಲಲ್ಲೇ ನಿಂತು ಕೇಳಿದರು.

"ಅಪ್ಪ ಏನ್ ತಪ್ಪ ಮಾಡಿದ್ನರಿ?"

ಅವಲಕ್ಕಿ ತಿನ್ನುತ್ತ ಆ ಅಪ್ಪನ ತಪ್ಪನ್ನು ಕಟ್ಟಿದೆ. ಚಹಾ ಬರುವ ಹೊತ್ತಿಗೆ ಅವನಿಗೆ ಎರಡನೆಯ ಸಂಸಾರ ಇತ್ತು. ವೈನಿಗೆ ಕಣ್ಣಲ್ಲಿ ನೀರು ಬಂತು. ಆ ದಿನದಿಂದ ನಾನು ಶಹಾಪುರದ ಆ ಮನೆಗೆ ಖಾಯಂ ಭಾಷಾಂತರಕಾರನಾದೆ.

ಸರ್ ಅವರಿಗೆ ಈ ಹುಚ್ಚು ಹತ್ತಿದ ಬಗೆಯನ್ನು ಅವರೇ ಆಗಾಗ ತುಂಡು ತುಂಡಾಗಿ ಹೇಳಿದ್ದುಂಟು. ಖಾನಾಪುರದಿಂದ ಕಾಲೇಜು ಓದಲು ಬಂದಾಗ ಬೆಳಗಾವಿಯ ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿ ಅವರಿಗೆ ಸಿಕ್ಕ ಕೋಣೆಯ ಗೋಡೆ ಒಂದು ಥಿಯೇಟರಿನ ಗೋಡೆಗೆ ಹತ್ತಿಕೊಂಡಿತ್ತಂತೆ. ಅಲ್ಲಿ ಗೋರಾ ಸಿಪಾಯಿಗಳಿಗಾಗಿ ಇಂಗ್ಲಿಷ್ ಚಿತ್ರಗಳು ಬರುತ್ತಿದ್ದವು. ಒಂದೊಂದು ಚಿತ್ರವನ್ನೂ ಇವರು ವಾರಗಟ್ಟಲೆ ಕಿವಿಯಲ್ಲೇ ನೋಡಿದರು. ಕೊನೆಗೊಮ್ಮೆ ಯಾರೋ ಒಳಗೆ ಕರೆದೊಯ್ದಾಗ ಅವರಿಗೆ ದೊಡ್ಡ ನಿರಾಶೆಯಾಯಿತು. ಅಷ್ಟು ಒಳ್ಳೆಯ ದನಿಗಳಿಗೆ ಇಂಥ ಮುಖಗಳೇ ಅನ್ನಿಸಿತಂತೆ. ಆಮೇಲೆ ಅವರು ಇಂಗ್ಲಿಷ್ ಸಿನೆಮಾ ನೋಡಲಿಲ್ಲ. ಕೇಳಿದರು.

"ಮಾತ ಬಿಡ್ರಿ, ಉಸರ ಎಲ್ಲೆ ತಗೋತಾನ ನೋಡ್ರಿ," ಅನ್ನುತ್ತಿದ್ದರು. ಕ್ಲಾಸಿನಲ್ಲೂ ಅಷ್ಟೇ. ಹಳಗನ್ನಡ ಪದ್ಯದ ಅರ್ಥ ಹೇಳುವ ಮೊದಲು, ಇಲ್ಲಿ ಉಸಿರು ಎಲ್ಲಿ ನಿಲ್ಲುತ್ತದೆ ಹೇಳಿ ಎಂದು ಹುಡುಗರನ್ನು ಎಬ್ಬಿಸಿ ನಿಲ್ಲಿಸುವರು. ಹುಡುಗರ ಉಸಿರು ಅಲ್ಲೇ ನಿಲ್ಲುತ್ತಿತ್ತು.

ಈ ದನಿಗಳನ್ನು ಕೂಡಿಹಾಕುವ ಕೆಲಸ ಸುಲಭದ್ದಲ್ಲ. ಮುಂಬಯಿಗೆ ಹೋದವರಿಂದ ಹಳೆಯ ಗ್ರಾಮಫೋನ್ ಪ್ಲೇಟು ತರಿಸುತ್ತಿದ್ದರು. ಕ್ಯಾಂಪಿನ ಬಂಗಲೆ ಖಾಲಿ ಮಾಡುವವರಿದ್ದರೆ ಹೋಗಿ ನಿಲ್ಲುತ್ತಿದ್ದರು. ಉಳಿದದ್ದಕ್ಕೆಲ್ಲ ರೇಡಿಯೋವೇ ಗತಿ. ಹಾಲಿವುಡ್ಡಿನ ಹಳೆಯ ನಟನಟಿಯರು ಆ ವರ್ಷಗಳಲ್ಲಿ ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದರು. ಯಾರಾದರೂ ಹೋದರೆ ವಿದೇಶಿ ಕೇಂದ್ರಗಳು ಅವರ ಹಳೆಯ ನಾಟಕ, ಸಂದರ್ಶನಗಳ ತುಣುಕು ಬಿತ್ತರಿಸುತ್ತಿದ್ದವು. ಹಾಗಾಗಿ ಪೇಪರಿನಲ್ಲಿ ಸಾವಿನ ಸುದ್ದಿ ಕಂಡಾಗ ಸರ್ ಅವರ ಮುಖ ಮೊದಲು ಅರಳುತ್ತಿತ್ತು, ಕೂಡಲೇ ನಾಚಿಕೆಯಿಂದ ಕೆಂಪಾಗುತ್ತಿತ್ತು. ನನಗೆ ಆ ನಾಚಿಕೆಯೂ ಇರಲಿಲ್ಲ. ಒಬ್ಬ ಪ್ರಸಿದ್ಧ ನಟ ಹೋದ ಸುದ್ದಿ ಓದಿ ನಾನು ಅನಗೋಳದಿಂದ ಶಹಾಪುರದವರೆಗೆ ಸೈಕಲ್ ಹೊಡೆದು, ಮದುವೆ ಗೊತ್ತಾದವನ ಹಾಗೆ ಏದುಸಿರು ಬಿಡುತ್ತ ಹೇಳಿದ್ದೆ. ಬಾಗಿಲು ತೆರೆದ ವೈನಿ ಮಾತ್ರ ಯಾವಾಗಲೂ, ಪಾಪ, ವಯಸ್ಸೆಷ್ಟಾಗಿತ್ತು, ಮಕ್ಕಳಿದ್ದಾವೋ ಎಂದೇ ಕೇಳುತ್ತಿದ್ದರು.

ರೇಡಿಯೋದ ಮುಂದೆ ಮೈಕು ಇಟ್ಟು ಧ್ವನಿ ಹಿಡಿಯಬೇಕಾಗಿದ್ದರಿಂದ ಮನೆಯ ಸದ್ದೆಲ್ಲ ಟೇಪಿಗೆ ಇಳಿಯುತ್ತಿತ್ತು. ಮಗ್ಗವಂತೂ ಸರಿಯೇ. ಒಬ್ಬ ನಾಯಕ ಪ್ರಾಣ ಬಿಡುವಾಗ ಹೊರಗೆ ತರಕಾರಿ ಮಾರುವ ಬೋಹಾರಿ ಹೆಂಗಸು ಬೆಂಡೆಕಾಯಿ ಕೂಗಿದ್ದಾಳೆ. ಇನ್ನೊಬ್ಬ ತನ್ನ ಪ್ರೇಯಸಿಗೆ ಏನೋ ನಿವೇದಿಸಿಕೊಂಡ ಮರುಕ್ಷಣ, "ನಳಾ ಬಂತು, ಕೊಡಾ ಹಿಡೀರಿ," ಎಂಬ ವೈನಿಯ ಮಾತು ಸ್ಪಷ್ಟವಾಗಿದೆ. ಆ ಪ್ರೇಯಸಿಯ ಉತ್ತರ ಯಾರಿಗೂ ಕೇಳಿಸದು. ನನ್ನ ಕೆಮ್ಮು ಎಷ್ಟು ಕಡೆ ಇದೆಯೋ ಲೆಕ್ಕವಿಲ್ಲ. ಸರ್ ಮಾತ್ರ ತುಟಿಯ ಮೇಲೆ ಬೆರಳಿಟ್ಟುಕೊಂಡು, ಉಸಿರೂ ಬಿಗಿಹಿಡಿದು ಕೂತಿರುತ್ತಿದ್ದರು.

ಖಾನಾಪುರದ ಪ್ಲೇಟಿನ ಕಥೆ ಹೇಳಲೇಬೇಕು. ಖಾನಾಪುರದಲ್ಲಿ ಗೋವೆಯ ಮೂಲದ ಒಬ್ಬ ವೃದ್ಧೆ ಇದ್ದರು. ಅವರ ಗಂಡ ಯುದ್ಧದ ಕಾಲದಲ್ಲಿ ಕಲಕತ್ತೆಯಲ್ಲಿ ಕೆಲಸದಲ್ಲಿದ್ದಾಗ, ಅಮೆರಿಕದ ಸಿಪಾಯಿಗಳಿಗೆ ಕೇಳಿಸಲೆಂದು ಹಡಗಿನಲ್ಲಿ ಬರುತ್ತಿದ್ದ ರೇಡಿಯೋ ಪ್ಲೇಟುಗಳಲ್ಲಿ ಒಂದನ್ನು ತಂದಿದ್ದರಂತೆ. ಈಗ ಗಂಡ ಇಲ್ಲ, ಅವರು ಮಗಳ ಮನೆಗೆ ಗೋವೆಗೆ ಹೋಗುವವರಿದ್ದರು. ಸುದ್ದಿ ಸಿಕ್ಕ ಭಾನುವಾರವೇ ಸರ್ ನನ್ನನ್ನು ರೈಲು ಹತ್ತಿಸಿದರು. ಆ ವೃದ್ಧೆಯ ಜೊತೆ ಇಂಗ್ಲಿಷಿನಲ್ಲಿ ಮಾತಾಡಲು ನಾನು ಬೇಕಂತೆ.

ನಾನು ದಾರಿಯುದ್ದಕ್ಕೂ ವಾಕ್ಯಗಳನ್ನು ಹೊಂದಿಸಿಕೊಂಡು ಹೋಗಿ, ಹೊಸ್ತಿಲಲ್ಲೇ ನಿಂತು ಒಂದು ಪುಟದಷ್ಟು ಇಂಗ್ಲಿಷ್ ಒಪ್ಪಿಸಿದೆ. ವೃದ್ಧೆ ಸಮಾಧಾನದಿಂದ ಕೇಳಿಸಿಕೊಂಡು, ಸರ್ ಕಡೆ ತಿರುಗಿ ಮರಾಠಿಯಲ್ಲಿ, ಇವರು ಯಾವ ಊರಿನವರು, ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ಮುಂದಿನ ಮಾತೆಲ್ಲ ಅವರಿಬ್ಬರ ನಡುವೆ ಮರಾಠಿಯಲ್ಲೇ ನಡೆಯಿತು. ನಾನು ತಿಂಡಿ ತಿಂದೆ.

ಪ್ಲೇಟು ಅಡುಗೆಮನೆಯಲ್ಲಿತ್ತು, ಅಕ್ಕಿ ಡಬ್ಬಿಯ ಮುಚ್ಚಳವಾಗಿ. ಅಷ್ಟು ದೊಡ್ಡ ಪ್ಲೇಟನ್ನು ನಾನು ಅದರ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ವೃದ್ಧೆಗೆ ಬೇಕಾಗಿದ್ದು ಬದಲಿಗೆ ಒಂದು ಮುಚ್ಚಳ ಮಾತ್ರ. ಸರ್ ಪೇಟೆಗೆ ಹೋಗಿ ಅಳತೆಗೆ ಸರಿಯಾದ ತಗಡಿನ ಮುಚ್ಚಳ ತಂದು, ತಾವೇ ಡಬ್ಬಿಗೆ ಮುಚ್ಚಿ ನೋಡಿ, ಕೈಮುಗಿದು ಹೊರಟರು. ಹಿಂದಿರುಗುವ ಗಾಡಿಯಲ್ಲಿ ಎಲ್ಲರ ಕಣ್ಣೂ ನನ್ನ ತೊಡೆಯ ಮೇಲೆ. ಒಬ್ಬ ರೈತ ಅದು ಎಂಥ ಹಂಚು, ಇದರಲ್ಲಿ ರೊಟ್ಟಿ ಎಷ್ಟು ದೊಡ್ಡದಾದೀತು ಎಂದು ವಿಚಾರಿಸಿದ.

ಮನೆಗೆ ತಂದರೆ ಸರ್ ಅವರ ಗ್ರಾಮಫೋನಿಗೆ ಅದು ಕೂರದು. ಶಹಾಪುರದ ರೇಡಿಯೋ ರಿಪೇರಿಯವರು ಸಾಗುವಾನಿಯ ಹಲಗೆ ಜೋಡಿಸಿ, ಸೂಜಿಯ ತೋಳನ್ನು ದೂರಕ್ಕೆ ಸರಿಸಿಕೊಟ್ಟರು. ಸರ್ ಸ್ನಾನ ಪೂಜೆ ಮುಗಿಸಿ ಬಂದು ಸೂಜಿಯನ್ನು ಅಂಚಿಗೆ ಇಟ್ಟರು. ಸೂಜಿ ಹೊರಕ್ಕೆ ಜಾರಿ ಬಿತ್ತು. ಎಷ್ಟು ಸಲ ಇಟ್ಟರೂ ಅದೇ. ನಾನು ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ, ಅಕ್ಕಿಯ ಧೂಳಿನಿಂದ ಗೆರೆಗಳು ಸವೆದಿವೆ, ಇದರಲ್ಲಿ ಇನ್ನು ಜೀವವಿಲ್ಲ ಎಂದು ವಿವರವಾಗಿ ಭಾಷಣ ಮಾಡಿದೆ. ಮಾತಿನ ಭರದಲ್ಲಿ ಎದ್ದು ಕೈ ಬೀಸಿದಾಗ ನನ್ನ ತೋಳು ತಗುಲಿ ಸೂಜಿ ನಡುವಿನ ಚೀಟಿಯ ಬಳಿ ಬಿತ್ತು. ಗಂಭೀರವಾದ ಒಂದು ಗಂಡು ದನಿ ಕೋಣೆಯನ್ನು ತುಂಬಿತು. ಆ ಪ್ಲೇಟು ಒಳಗಿನಿಂದ ಹೊರಕ್ಕೆ ಓಡುವಂಥದ್ದು.

ನಾನು ಇದು ನನಗೆ ಹೊಳೆದ ಉಪಾಯವೆಂಬಂತೆ ನಿಂತಿದ್ದೆ. ಸರ್ ನಾಟಕ ಪೂರ್ತಿ ಕೇಳಿ, ಪ್ಲೇಟನ್ನು ಕೈಗೆತ್ತಿಕೊಂಡು, ಕನ್ನಡಕ ಏರಿಸಿ ಚೀಟಿ ನೋಡಿದರು. ಒಳಗಿನಿಂದ ಶುರುಮಾಡಿ ಎಂದು ಅಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

"ಇಂಗ್ಲಿಷಿನ್ಯಾಗ ಬರದಾರ್ರಿ," ಅಂದರು ಮೆಲ್ಲಗೆ.

ಆ ನಾಟಕದ ಕಥೆಯನ್ನೂ ನಾನೇ ಹೇಳಬೇಕಾಯಿತು. ಮಧ್ಯೆ ಟಪಟಪ ಸದ್ದು ಕೇಳಿದಂತಿತ್ತು, ಅದಕ್ಕೊಂದು ಕುದುರೆ ಸೇರಿಸಿದೆ. ಯುದ್ಧಕ್ಕೆ ಹೋದ ಯಜಮಾನನಿಗಾಗಿ ಕಾದು ಕಾದು ಕುದುರೆ ಸಾಯುತ್ತದೆ. ವೈನಿ ಆ ದಿನ ಊಟ ಸರಿಯಾಗಿ ಮಾಡಲಿಲ್ಲವಂತೆ.

ವರ್ಷಗಳು ಹೀಗೇ ಹೋದವು. ನನಗೆ ಮದುವೆಯಾಯಿತು, ಮಕ್ಕಳಾದವು. ಸರ್ ಇನ್ನೇನು ನಿವೃತ್ತರಾಗುವ ಹೊತ್ತಿಗೆ ಅವರ ದನಿ ಒಡೆಯಿತು. ಪಾಠ ಹೇಳಿ ಹೇಳಿ ಗಂಟಲು ಕೂತಿದೆ ಎಂದು ಜ್ಯೇಷ್ಠಮಧು ಜಗಿದರು. ನಾನು ಧೈರ್ಯ ಹೇಳಿದೆ, ಈಗ ನಿಮ್ಮ ದನಿ ಆ ಖಾನಾಪುರದ ಪ್ಲೇಟಿನ ನಟನ ಹಾಗೇ ಇದೆ ಎಂದೆ. ಅವರು ಖುಷಿಪಟ್ಟರು. ಮಿರಜಿಗೆ ಹೋಗಿ ತೋರಿಸಿದಾಗ ಡಾಕ್ಟರು, ಗಂಟಲಲ್ಲಿ ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ ಎಂದರು.

ಆಪರೇಶನ್ನಿನ ದಿನ ಗೊತ್ತಾಯಿತು. ಹಿಂದಿನ ವಾರ ವೈನಿ ನನ್ನನ್ನು ಕರೆಕಳಿಸಿದರು. ಮನೆಯಲ್ಲಿರುವ ಇಷ್ಟೆಲ್ಲ ಟೇಪುಗಳಲ್ಲಿ ತಾನಿದ್ದೇನೆ, ನೀವಿದ್ದೀರಿ, ಬೋಹಾರಿಯವಳಿದ್ದಾಳೆ, ಇವರ ಒಂದು ಮಾತೂ ಇಲ್ಲ ಎಂದರು. ಅದು ನಿಜವಾಗಿತ್ತು. ದನಿ ಹೋಗುವ ಮೊದಲು ಹಿಡಿದಿಡೋಣ ಎಂದರೆ ಸರ್ ಸುತಾರಾಂ ಒಪ್ಪಲಿಲ್ಲ. ಹೊಸ ಟೇಪು ಊರಲ್ಲಿ ಸಿಕ್ಕಿರಲಿಲ್ಲ, ಇರುವುದರಲ್ಲಿ ಒಂದನ್ನು ಅಳಿಸಬೇಕು, ತಮ್ಮ ಈ ಒಡಕು ದನಿಗಾಗಿ ಯಾರನ್ನು ಅಳಿಸುವುದು ಎಂದು ವಾದಿಸಿದರು. ವೈನಿ ಕಪಾಟಿನ ಹತ್ತಿರ ಹೋಗಿ ತಡಕಾಡದೆ ಒಂದು ಡಬ್ಬಿ ತೆಗೆದರು. ನಾನು ಮೊದಲ ದಿನ ಕೇಳಿದ ಆ ಒಡಕು ದನಿಯ ತಾರೆ.

"ಈಕಿನ್ನ ಅಳಸ್ರಿ. ಇಷ್ಟ ವರ್ಷ ಈಕಿ ಮಾತಾಡ್ಯಾಳಲ್ಲ, ಸಾಕು."

ಸರ್ ಹೆಂಡತಿಯ ಮುಖವನ್ನೇ ನೋಡಿದರು. ಆಮೇಲೆ ತಲೆ ತಗ್ಗಿಸಿ ಟೇಪನ್ನು ತಾವೇ ಯಂತ್ರಕ್ಕೆ ಸುತ್ತಿದರು.

ವೈನಿ ಮೊದಲೇ ಹೋಗಿ ಹೇಳಿದ್ದರಿಂದ ಎರಡೂ ಬಾಜುವಿನವರು ಮಗ್ಗ ನಿಲ್ಲಿಸಿದ್ದರು. ಆ ಓಣಿಯಲ್ಲಿ ಅಂಥ ಮೌನವನ್ನು ನಾನು ಎಂದೂ ಕೇಳಿರಲಿಲ್ಲ. ಸರ್ ಮೈಕು ಹಿಡಿದು, ಗಂಟಲು ಸರಿಮಾಡಿಕೊಂಡು, ಆಕಾಶವಾಣಿಯ ವಾರ್ತೆಯವರಂತೆ ತಮ್ಮ ಹುಟ್ಟೂರು ಹೇಳಿ ನಿಂತರು. ಮುಂದೆ ಬರಲಿಲ್ಲ. ಒಂದು ಹಳಗನ್ನಡ ಪದ್ಯ ಶುರುಮಾಡಿ ನಡುವೆ ಮರೆತರು. ಜೀವಮಾನದಲ್ಲಿ ಅವರು ಪದ್ಯ ಮರೆತದ್ದು ಅದೊಂದೇ ಸಲ ಇರಬೇಕು. ನಾನು ಉತ್ಸಾಹ ತುಂಬಲು, ಮಾತಾಡಿ ಸರ್, ಏನಾದರೂ ಮಾತಾಡಿ, ನೀವು ಹಿಂದೆ ಒಮ್ಮೆ ಹೀಗಂದಿದ್ದಿರಿ ಎಂದು ಹಿಂದಿನ ಒಂದೊಂದೇ ಪ್ರಸಂಗ ನೆನಪಿಸುತ್ತ ಹೋದೆ. ನೆನಪಿಸುವುದೆಂದರೆ ಪೂರ್ತಿ ನಾನೇ ಹೇಳುವುದು. ಟೇಪು ಸುತ್ತುತ್ತಲೇ ಇತ್ತು.

ವೈನಿ ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಒಂದು ಬಾಜುವಿನ ಮಗ್ಗ ಖಟ್ ಎಂದಿತು, ಆಮೇಲೆ ಇನ್ನೊಂದು. ಆ ಸಪ್ಪಳ ಇಲ್ಲದೆ ಇವರಿಗೆ ಮಾತು ಬರುವುದಿಲ್ಲ, ತನಗೆ ಮೊದಲೇ ಹೊಳೆಯಬೇಕಿತ್ತು ಎನ್ನುತ್ತ ಬಂದು ಕೂತರು. ಸರ್ ಹೆಗಲು ಸಡಿಲಾಯಿತು. ಮಿರಜಿನ ಚೀಲದಲ್ಲಿ ಟವೆಲ್ಲು ಇಟ್ಟಿದ್ದೀಯಾ ಎಂದು ಕೇಳಿದರು. ಇಟ್ಟೇನ್ರಿ ಎಂದರು ವೈನಿ. ಯಾವುದು, ಹಸಿರು ಅಂಚಿನದೋ? ಅದು ನೀರು ಹೀರುವುದಿಲ್ಲ, ಹಳೆಯದು ಇಡು. ಹಳೆಯದು ಹರಿದಿದೆ. ಹರಿದರೂ ಅದೇ ಇರಲಿ. ಹೀಗೆ ಟವೆಲ್ಲಿನಿಂದ ಹಾಸಿಗೆಗೆ, ಹಾಸಿಗೆಯಿಂದ ಮದುವೆಯ ವರ್ಷ ವೈನಿಯ ತವರಿನವರು ಕೊಟ್ಟ ದಿಂಬಿಗೆ ಮಾತು ಹೋಯಿತು. ಆ ದಿಂಬಿನ ಜಗಳವನ್ನು ಇಬ್ಬರೂ ಮೊದಲಿಂದ ಆಡಿದರು, ನಕ್ಕರು. ಟೇಪು ಮುಗಿದು ಅದರ ತುದಿ ಪಟಪಟ ಬಡಿದುಕೊಂಡಾಗ ಯಾರೂ ಏಳಲಿಲ್ಲ.

ಮಿರಜಿಗೆ ನಾನೂ ಹೋದೆ. ರೈಲಿನಲ್ಲಿ ವೈನಿ ಕಿಟಕಿಗೆ ತಲೆ ಇಟ್ಟು ನಿದ್ದೆಹೋಗಿದ್ದರು. ಸರ್ ನನ್ನ ಕಡೆ ಬಾಗಿ ಹೇಳಿದರು.

"ಇಂಗ್ಲಿಷ್ ಮಾಸ್ತರ, ಆ ಖಾನಾಪುರದ ಪ್ಲೇಟಿನ್ಯಾಗ ಕುದರಿ ಇರಲಿಲ್ರಿ."

ಯಾವಾಗ ಗೊತ್ತಾಯಿತು ಎಂದು ಕೇಳಿದೆ.

"ಮೊದಲ ದಿವಸನ. ಆ ಒಡಕ ದನಿಯಾಕಿ ಮಾತಿನ್ಯಾಗ ಅಪ್ಪನ ಸುದ್ದಿನೂ ಇರಲಿಲ್ಲ. ನೀವು ಬರೋ ಮೊದಲ ಹತ್ತ ಸಲ ಕೇಳಿದ್ದೆ, ಅಷ್ಟ ಇಂಗ್ಲಿಷ್ ನನಗೂ ತಿಳೀತಿತ್ತು." ಉಸಿರು ತೆಗೆದುಕೊಳ್ಳಲು ನಿಂತರು. "ಆದ್ರ ನಿಮ್ಮ ಕಥಿ ಕೇಳಾಕ ನಿಮ್ಮ ವೈನಿ ಒಳಗಿಂದ ಬಂದ ಕುಂದರತಿದ್ಲು. ಅದಕ್ಕ ಮೊದಲ ನನ್ನ ಕ್ವಾಣಿಗೆ ಚಹಾ ಇಟ್ಟ ಹೋಗಿಬಿಡಾಕಿ. ಕುದರಿ ಛಲೋ ಇತ್ರಿ."

ಅವರ ದನಿ ನನ್ನೊಡನೆ ಆಡಿದ ಕೊನೆಯ ಮಾತುಗಳಲ್ಲಿ ಅವು ಸೇರಿವೆ. ಟೇಪಿನಲ್ಲಿ ಅವಿಲ್ಲ. ಟೇಪಿನಲ್ಲಿ ಅರ್ಧಕ್ಕರ್ಧ ನಾನಿದ್ದೇನೆ.

ಆಪರೇಶನ್ ಚೆನ್ನಾಗಿ ಆಯಿತು. ಸರ್ ಕೊರಳಿಗೆ ಬಿಳಿ ವಸ್ತ್ರ ಕಟ್ಟಿಕೊಂಡು ಶಹಾಪುರಕ್ಕೆ ಮರಳಿದರು. ಮೊದಮೊದಲು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದರು. ವೈನಿಗೆ ಕೈಯಲ್ಲಿ ಹಿಟ್ಟು, ಕಣ್ಣಿಗೆ ಕನ್ನಡಕ ಬೇಕು, ಓದುವಷ್ಟು ಪುರುಸೊತ್ತಿಲ್ಲ. ಅವರು ಪಾಟಿ ನೋಡುವುದು ಬಿಟ್ಟು ತುಟಿ ನೋಡತೊಡಗಿದರು. ಕೆಲವೇ ತಿಂಗಳಲ್ಲಿ, ನಮಗೆ ಏನೂ ತಿಳಿಯದ ಆ ತುಟಿಯ ಅಲುಗಾಟವನ್ನು ಅವರು ಒಲೆಯ ಮುಂದಿನಿಂದಲೇ ಓದಿ ಹೇಳುವಷ್ಟಾದರು.

ಹೇಳುತ್ತಿದ್ದುದು ಮಾತ್ರ ಅವರದೇ ಕನ್ನಡದಲ್ಲಿ. ತೂಗಿ ಅಳೆದು ಮಾತಾಡುತ್ತಿದ್ದ ನಮ್ಮ ಸರ್ ಇದ್ದಕ್ಕಿದ್ದಂತೆ ನೇರ ಮಾತಿನ ಮನುಷ್ಯರಾಗಿಬಿಟ್ಟರು. ಒಬ್ಬ ವಿದ್ವಾಂಸರು ತಮ್ಮ ಹೊಸ ಪುಸ್ತಕ ಕೊಟ್ಟು ಅಭಿಪ್ರಾಯ ಕೇಳಲು ಬಂದಿದ್ದರು. ಸರ್ ತುಟಿ ಬಹಳ ಹೊತ್ತು ಅಲುಗಿತು. ಛಲೋ ಬರೆದಿದ್ದೀರಂತೆ, ಆದರೆ ಅರ್ಧ ಸಾಕಿತ್ತಂತೆ ಎಂದರು ವೈನಿ. ಸರ್ ಹಾಗಂದಿಲ್ಲವೆಂದು ಚಪ್ಪಾಳೆ ತಟ್ಟಿದರು. ಅಂದದ್ದರ ಅರ್ಥ ಅದೇ ಎಂದು ವೈನಿ ಒಳಗೆ ಹೋದರು. ನನಗೆ ಸಿಗುತ್ತಿದ್ದ ಮಾತು ಬಹುತೇಕ ಒಂದೇ: "ನೀವು ಸ್ವಲ್ಪ ಸುಮ್ನ ಕುಂದರಬೇಕಂತ." ಅದು ಸರ್ ಹೇಳಿದ್ದೋ ವೈನಿಯ ಸ್ವಂತದ್ದೋ ಎಂದು ನೋಡಿದರೆ, ಸರ್ ಭುಜ ಕುಣಿಸಿ ಸದ್ದಿಲ್ಲದೆ ನಗುತ್ತಿರುತ್ತಿದ್ದರು.

ಹಾಲಿವುಡ್ಡಿನ ದನಿಗಳನ್ನು ಕೂಡಿಡುವುದು ಆಮೇಲೂ ನಡೆದಿತ್ತು. ಮೈಕು ಹಚ್ಚುವಾಗ ಈಗ ತುಟಿಯ ಮೇಲೆ ಬೆರಳಿಟ್ಟು ಕೂಡುತ್ತಿದ್ದವರು ವೈನಿ. ಅವರಿಬ್ಬರ ಆ ಟೇಪನ್ನು ಒಮ್ಮೆ ಹಾಕಿದ್ದರಂತೆ. ಸರ್ ಕೇಳಿ, ತನ್ನ ದನಿ ಹೀಗಿತ್ತೇ, ದಿಂಬಿನ ವಿಷಯದಲ್ಲಿ ಮಾತ್ರ ತಾನು ಹೇಳಿದ್ದೇ ಸರಿ ಅಂದರೆಂದು ವೈನಿ ನನಗೆ ವರದಿ ಮಾಡಿದರು. ಅದನ್ನು ವರದಿ ಮಾಡುವಾಗ ಅವರಿಗೆ ಸ್ವಲ್ಪವೂ ಒಪ್ಪಿಗೆ ಇರಲಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಸರ್ ಕುರ್ಚಿಯಲ್ಲೇ ತೀರಿಕೊಂಡರು. ಮಣ್ಣು ಮಾಡಿದ ಮರುದಿನ ನಾವು ಕೆಲವರು ಕಾಲೇಜಿನಿಂದ ಹೋದೆವು. ಕುರ್ಚಿ ಅದರ ಜಾಗದಲ್ಲೇ ಇತ್ತು. ವೈನಿ ಎದುರಿನ ಜಮಖಾನೆಯ ಮೇಲೆ ಕೂತಿದ್ದರು. ಎಲ್ಲರೂ ನನ್ನ ಮುಖ ನೋಡಿದರು, ಮಾತಿನವನು ನಾನು ತಾನೇ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಆಮೇಲೆ, ಬರುತ್ತೇವೆ ಎನ್ನುವಂತೆ ಕೈಮುಗಿದು ಎದ್ದೆವು.

"ಅವರು ಏನಂತಾರಂದ್ರ," ಎಂದು ವೈನಿ ಅಭ್ಯಾಸದಂತೆ ಶುರುಮಾಡಿ ಕುರ್ಚಿಯ ಕಡೆ ತಿರುಗಿದರು. ಆಮೇಲೆ ನಮ್ಮ ಕಡೆ ತಿರುಗಿ ಸೆರಗು ಸರಿಮಾಡಿಕೊಂಡರು.

"ನಾನ ಅಂತೀನ್ರಿ. ಚಹಾ ಕುಡದ ಹೋಗ್ರಿ."